ಮೈಸೂರು ಮತ್ತು ಶ್ರೀರಂಗಪಟ್ಟಣದ ಹಳೆಯ ಚರ್ಚುಗಳನ್ನೂ ಸ್ಮಾರಕಗಳನ್ನೂ ಕ್ರಮವಾಗಿ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಶ್ರೀರಂಗಪಟ್ಟಣಕ್ಕೆ ಹೋಗಿ ಬಂದವರಲ್ಲಿ ಹೆಚ್ಚಿನವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಬೆಳಿಗ್ಗೆ ಮೈಸೂರಿನ ಅರಮನೆ ನೋಡಿಕೊಂಡು ಹೊರಟೆವು, ರಂಗನಾಥಸ್ವಾಮಿ ಗುಡಿ ತಲುಪುವ ಹೊತ್ತಿಗೆ ಬಾಗಿಲು ಹಾಕಿದ್ದರು, ಕೋಟೆಯೊಳಗೆ ಸುತ್ತಲು ಬಿಸಿಲು ಬಿಡಲಿಲ್ಲ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಹತ್ತು ನಿಮಿಷ ನಿಂತು ವಾಪಸಾದೆವು, ಅಲ್ಲೇ ಶ್ರೀರಂಗಪಟ್ಟಣದ ಗಂಜಾಂ ಭಾಗದ ಚರ್ಚ್ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಮರುದಿನ, ಭಾನುವಾರ, ಸಂತ ಫಿಲೋಮಿನಾ ಚರ್ಚಿಗೆ ಹೋದರೆ ಪೂಜೆ ನಡೆಯುತ್ತಿದ್ದುದರಿಂದ ಒಳಗೆ ಓಡಾಡಲು ಆಗಲಿಲ್ಲ.

ಇವರಲ್ಲಿ ಯಾರಿಗೂ ಆಸಕ್ತಿಯ ಕೊರತೆಯಿಲ್ಲ. ಅವರು ಜಾಗಗಳನ್ನು ದೂರದ ಲೆಕ್ಕದಲ್ಲಿ ಜೋಡಿಸಿಕೊಂಡರು, ಬಾಗಿಲು ಮತ್ತು ಬೆಳಕಿನ ಲೆಕ್ಕದಲ್ಲಿ ಜೋಡಿಸಿಕೊಳ್ಳಲಿಲ್ಲ. ಈ ಬರಹದಲ್ಲಿ ಹೇಳಿರುವುದೆಲ್ಲ ಆ ಎರಡನೆಯ ಲೆಕ್ಕವನ್ನು ಕುರಿತದ್ದು.

## ಹಂತ 1: ಎರಡು ಊರಿಗೆ ಎರಡು ದಿನ

ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಇರುವುದು ಸುಮಾರು 15 ಕಿಲೋಮೀಟರ್ ಮಾತ್ರ. ಈ ಹತ್ತಿರವೇ ಜನರನ್ನು ದಾರಿ ತಪ್ಪಿಸುತ್ತದೆ. ಎರಡನ್ನೂ ಒಂದೇ ದಿನ ಮುಗಿಸಬಹುದೆಂದು ಹೊರಟವರಿಗೆ ಎರಡೂ ಊರಿನ ಬೆಳಗಿನ ಹೊತ್ತು ಸಿಗುವುದಿಲ್ಲ. ಈ ಕೆಲಸಕ್ಕೆ ಬೆಳಗಿನ ಹೊತ್ತೇ ಮುಖ್ಯ.

ಮೊದಲ ದಿನವನ್ನು ಪೂರ್ತಿಯಾಗಿ ಶ್ರೀರಂಗಪಟ್ಟಣಕ್ಕೆ ಕೊಡಿ, ಎರಡನೆಯ ದಿನವನ್ನು ಮೈಸೂರಿಗೆ ಇಟ್ಟುಕೊಳ್ಳಿ. ಶ್ರೀರಂಗಪಟ್ಟಣದ ದಿನ ಶುಕ್ರವಾರವಾಗುವುದು ಬೇಡ, ಏಕೆಂದರೆ ಅಂದು ಮಧ್ಯಾಹ್ನ ಜಾಮಿಯಾ ಮಸೀದಿಯಲ್ಲಿ ಜುಮಾ ನಮಾಜು ಇರುತ್ತದೆ. ಶನಿವಾರವೂ, ಅದರಲ್ಲೂ ಶ್ರಾವಣ ಶನಿವಾರವೂ, ವೈಕುಂಠ ಏಕಾದಶಿ ಮತ್ತು ರಥಸಪ್ತಮಿಯ ದಿನಗಳೂ ರಂಗನಾಥನ ಭಕ್ತರ ದಿನಗಳು. ಕೆತ್ತನೆ ನೋಡಬೇಕೆಂದು ಕಂಬದ ಪಕ್ಕದಲ್ಲಿ ನಿಂತರೆ ಸಾಲಿಗೆ ಅಡ್ಡಿಯಾಗುತ್ತೀರಿ. ಮೈಸೂರಿನ ದಿನ ಭಾನುವಾರವಾಗದಿದ್ದರೆ ಒಳ್ಳೆಯದು. ನನ್ನ ಲೆಕ್ಕದಲ್ಲಿ ಮಂಗಳವಾರ, ಬುಧವಾರಗಳ ಜೋಡಿಯೇ ಎಲ್ಲಕ್ಕಿಂತ ನೆಮ್ಮದಿಯದು.

ತಿಂಗಳುಗಳಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಅನುಕೂಲ. ದಸರೆಯ ಹತ್ತು ದಿನ ಈ ಕೆಲಸಕ್ಕೆ ಹೊಂದುವುದಿಲ್ಲ.

## ಹಂತ 2: ಜಾಗಗಳನ್ನು ಮೂರು ಬಗೆಯಾಗಿ ವಿಂಗಡಿಸಿ

ಹೊರಡುವ ಹಿಂದಿನ ದಿನ ಒಂದು ಹಾಳೆಯಲ್ಲಿ ನೀವು ನೋಡಬೇಕೆಂದಿರುವ ಜಾಗಗಳನ್ನು ಬರೆದು, ಪ್ರತಿಯೊಂದರ ಮುಂದೆ ಅದು ಯಾವ ಬಗೆಯದೆಂದು ಗುರುತು ಮಾಡಿಕೊಳ್ಳಿ.

ಮೊದಲನೆಯ ಬಗೆ, ಇಂದಿಗೂ ಪೂಜೆ ಪ್ರಾರ್ಥನೆ ನಡೆಯುವ ಜಾಗಗಳು: ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಗಂಜಾಂನ ಅಬ್ಬೆ ದುಬೋಯಿಸ್ ಚರ್ಚ್, ಮೈಸೂರಿನ ಸಂತ ಫಿಲೋಮಿನಾ ಚರ್ಚ್, ಅರಮನೆ ಕೋಟೆಯೊಳಗಿನ ಗುಡಿಗಳು. ಇವುಗಳ ಬಾಗಿಲು ಪೂಜೆಯ ಹೊತ್ತಿಗೆ ತಕ್ಕಂತೆ ತೆರೆದು ಮುಚ್ಚುತ್ತದೆ. ದೇವಸ್ಥಾನಗಳು ಮಧ್ಯಾಹ್ನ ಸುಮಾರು ಒಂದು ಗಂಟೆಯಿಂದ ನಾಲ್ಕರವರೆಗೆ ಸಾಮಾನ್ಯವಾಗಿ ಮುಚ್ಚಿರುತ್ತವೆ. ಚರ್ಚು ಮಸೀದಿಗಳದು ಇದಕ್ಕೆ ತಿರುಗುಮುರುಗು: ಪ್ರಾರ್ಥನೆ ಇಲ್ಲದ ಹೊತ್ತೇ ನೋಡುವವರ ಹೊತ್ತು.

ಎರಡನೆಯ ಬಗೆ, ಟಿಕೆಟ್ ಇರುವ ಕಟ್ಟಡಗಳು: ದರಿಯಾ ದೌಲತ್, ಮೈಸೂರು ಅರಮನೆ, ಜಗನ್ಮೋಹನ ಅರಮನೆ. ಮಧ್ಯಾಹ್ನದಲ್ಲಿ ಮುಚ್ಚುವುದಿಲ್ಲವಾದ್ದರಿಂದ ಬಿಸಿಲಿನ ಹೊತ್ತನ್ನು ಇವುಗಳಿಗೆ ಇಡಬೇಕು. ಮೂರನೆಯ ಬಗೆ ಬಯಲಿನಲ್ಲಿರುವವು: ಕೋಟೆಗೋಡೆ, ಕಂದಕ, ಸೆರೆಮನೆಗಳು, ದಂಡಿನವರ ಸಮಾಧಿಗಳು. ಇವುಗಳಿಗೆ ಬಾಗಿಲಿನ ಕಟ್ಟು ಕಡಿಮೆ, ಬೆಳಕಿನ ಕಟ್ಟು ಹೆಚ್ಚು.

ಈ ವಿಂಗಡಣೆ ಆದಮೇಲೆ ದಿನದ ಕ್ರಮ ತಾನೇ ಏರ್ಪಡುತ್ತದೆ: ಬೆಳಿಗ್ಗೆ ಗುಡಿ ಮತ್ತು ಕೋಟೆಯ ಬಯಲು, ನಡುಹಗಲಿನಲ್ಲಿ ಸೂರು ಇರುವ ಕಟ್ಟಡ, ಇಳಿಹೊತ್ತಿನಲ್ಲಿ ಮತ್ತೆ ಬಯಲು. ವಾರದ ರಜೆ ಮತ್ತು ದುರಸ್ತಿಯ ಕಾರಣಕ್ಕೆ ಮುಚ್ಚಿರುವ ಭಾಗಗಳನ್ನು ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಹೋದ ವರ್ಷ ಬಂದ ನೆಂಟರು ಹೇಳಿದ ವೇಳೆಯನ್ನು ನಂಬಿ ಹೊರಡಬೇಡಿ.

## ಹಂತ 3: ಚೀಲದಲ್ಲಿ ಇರಬೇಕಾದವು

ಒಂದು ಸಣ್ಣ ಟಾರ್ಚು ಎಲ್ಲಕ್ಕಿಂತ ಮುಖ್ಯವಾದ ಉಪಕರಣ. ಮೊಬೈಲಿನ ಬೆಳಕು ಹರಡಿಕೊಳ್ಳುತ್ತದೆ, ಟಾರ್ಚಿನ ಬೆಳಕನ್ನು ಕಲ್ಲಿನ ಮಗ್ಗುಲಿನಿಂದ ಓರೆಯಾಗಿ ಹಾಯಿಸಬಹುದು. ಸವೆದುಹೋಗಿದೆ ಎನ್ನಿಸುವ ಶಾಸನದ ಅಕ್ಷರಗಳು ಓರೆ ಬೆಳಕಿಗೆ ನೆರಳು ಮೂಡಿ ಎದ್ದು ಕಾಣುತ್ತವೆ. ನೇರವಾಗಿ ಎದುರಿನಿಂದ ಬೆಳಕು ಬಿಟ್ಟರೆ ಅದೇ ಕಲ್ಲು ಬೋಳಾಗಿ ಕಾಣುತ್ತದೆ.

ಎರಡನೆಯದು ಬೈನಾಕ್ಯುಲರ್. ಚರ್ಚಿನ ಬಣ್ಣದ ಗಾಜಿನ ಕಿಟಕಿ, ಗೋಪುರದ ಗಾರೆ ಬೊಂಬೆಗಳು, ಮಿನಾರಿನ ಮೇಲಿನ ಕೆಲಸ, ಇವೆಲ್ಲ ಬರಿಗಣ್ಣಿಗೆ ದೂರ. ಮನೆಯಲ್ಲಿ ಇಲ್ಲದಿದ್ದರೆ ಪಕ್ಷಿ ನೋಡುವ ಸ್ನೇಹಿತರ ಹತ್ತಿರ ಎರಡು ದಿನಕ್ಕೆ ಕೇಳಿ ತೆಗೆದುಕೊಳ್ಳಿ.

ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ, ಅದನ್ನು ಹಾಕಿಕೊಳ್ಳಲು ಒಂದು ಬಟ್ಟೆ ಚೀಲ, ಒಂದು ಜೊತೆ ದಪ್ಪ ಕಾಲುಚೀಲ. ಒಂದೇ ದಿನದಲ್ಲಿ ನಾಲ್ಕೈದು ಕಡೆ ಚಪ್ಪಲಿ ಬಿಡಬೇಕಾಗುತ್ತದೆ. ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯಲಾರದೆ ಅರ್ಧಕ್ಕೇ ಹೊರಬಂದವರನ್ನು ನಾನು ಬಹಳ ನೋಡಿದ್ದೇನೆ. ತಲೆ ಮತ್ತು ಭುಜ ಮುಚ್ಚಿಕೊಳ್ಳಲು ಒಂದು ಶಾಲು ಗಂಡಸರಿಗೂ ಹೆಂಗಸರಿಗೂ ಬೇಕು. ಚಡ್ಡಿ ತೊಟ್ಟು ಹೋಗಬೇಡಿ. ಇವಲ್ಲದೆ ನೀರು, ಟೋಪಿ ಅಥವಾ ಕೊಡೆ, ಚಿಲ್ಲರೆ ಹಣ, ಗುರುತಿನ ಚೀಟಿ, ಪುಸ್ತಕ, ಪೆನ್ಸಿಲ್.

ಸೀಮೆಸುಣ್ಣ, ಎಣ್ಣೆ, ಹಿಟ್ಟು, ಬ್ರಷ್ಷು ತರಬೇಡಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜುವ ಅಭ್ಯಾಸ ಇನ್ನೂ ಹೋಗಿಲ್ಲ. ಅದರ ಪುಡಿ ಕಲ್ಲಿನ ಸಂದಿಗೆ ಸೇರಿ ಉಳಿದುಬಿಡುತ್ತದೆ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಕಾಯ್ದೆ ಮತ್ತು ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಇದೆ. ಟ್ರೈಪಾಡ್ ನಿಲ್ಲಿಸಲೂ ಡ್ರೋನ್ ಹಾರಿಸಲೂ ಮುಂಚಿತವಾಗಿ ಅನುಮತಿ ಬೇಕು.

## ಹಂತ 4: ಕೋಟೆಯ ಒಳಗೆ, ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ

ಬೆಂಗಳೂರು ಕಡೆಯಿಂದ ಕಾರಿನಲ್ಲಿ ಬರುವವರು ಮೊದಲು ಒಂದು ಎಚ್ಚರ ವಹಿಸಬೇಕು. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಶ್ರೀರಂಗಪಟ್ಟಣವನ್ನು ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ, ಆದ್ದರಿಂದ ಹಳೆಯ ರಸ್ತೆಗೆ ಇಳಿಯುವ ತಿರುವನ್ನು ತಪ್ಪಿಸಿಕೊಂಡರೆ ನೇರವಾಗಿ ಮೈಸೂರು ಸೇರುತ್ತೀರಿ. ಬೈಕು ಮತ್ತು ಆಟೋಗಳಿಗೆ 2023ರ ಆಗಸ್ಟಿನಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಮೈಸೂರಿನಿಂದ ಹೊರಡುವವರಿಗೆ ಬಸ್ಸೂ ರೈಲೂ ಇದೆ. ರೈಲು ನಿಲ್ದಾಣ ಕೋಟೆಯ ಒಳಗೇ ಇರುವುದರಿಂದ ಇಳಿದ ಕೂಡಲೇ ಕೆಲಸ ಶುರುಮಾಡಬಹುದು.

ಮೊದಲು ರಂಗನಾಥಸ್ವಾಮಿ ದೇವಸ್ಥಾನ. ಬೆಳಗಿನ ಬಿಸಿಲು ಗೋಪುರದ ಮುಖದ ಮೇಲೆ ಬೀಳುವ ಹೊತ್ತಿಗೆ ಹೊರಗೆ ನಿಂತು ಒಮ್ಮೆ ಪೂರ್ತಿ ನೋಡಿ, ಆಮೇಲೆ ಒಳಗೆ ಹೋಗಿ. ದರ್ಶನವನ್ನು ಮೊದಲು ಮುಗಿಸಿಕೊಳ್ಳಿ. ದರ್ಶನದ ಸಾಲಿನಲ್ಲಿದ್ದುಕೊಂಡೇ ಕಂಬ ನೋಡಲು ಹೊರಟರೆ ಎರಡೂ ಆಗುವುದಿಲ್ಲ. ಆನಂತರ ಪ್ರದಕ್ಷಿಣೆಯ ದಾರಿಯಲ್ಲಿ ನಿಧಾನವಾಗಿ ಬನ್ನಿ. ಈ ಗುಡಿಗೆ ಸಂಬಂಧಿಸಿದಂತೆ ಕ್ರಿ.ಶ. 894ರ, ಗಂಗರ ಕಾಲದ ತಿರುಮಲಯ್ಯನ ಹೆಸರು ಕೇಳಿಬರುತ್ತದೆ. ಆದರೆ ನಿಮ್ಮ ಕಣ್ಣಿಗೆ ಬೀಳುವುದರಲ್ಲಿ ಬಹುಪಾಲು ಹೊಯ್ಸಳರೂ ವಿಜಯನಗರದವರೂ ಆಮೇಲಿನವರೂ ಸೇರಿಸಿದ್ದು. ತಿರುಗಣಿಯಲ್ಲಿ ಕಡೆದಂತೆ ನುಣುಪಾಗಿ ಬಳುಕುವ ಕಂಬ ಕಂಡರೆ ಹೊಯ್ಸಳರ ಕೈ ಎಂದೂ, ಚೌಕ ಕಂಬದ ಮುಖಗಳಲ್ಲಿ ಸಣ್ಣ ಉಬ್ಬುಚಿತ್ರಗಳಿದ್ದರೆ ವಿಜಯನಗರದ ರೂಢಿ ಎಂದೂ ತಾತ್ಕಾಲಿಕವಾಗಿ ಬರೆದುಕೊಳ್ಳಿ.

ಆಮೇಲೆ ಉತ್ತರದ ಗೋಡೆಯ ಕಡೆಗೆ. ಗುಡಿಯಿಂದ ನದಿಯ ದಿಕ್ಕಿಗೆ ನಡೆದರೆ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆ ಸಿಗುತ್ತದೆ. ಇಟ್ಟಿಗೆ ಗಾರೆಯ ಈ ಕಮಾನು ಕಟ್ಟಡ ಸುಮಾರು 30.5 ಮೀಟರ್ ಉದ್ದ, 12.2 ಮೀಟರ್ ಅಗಲವಿದೆ. ಬಿಸಿಲಿನಿಂದ ಒಳಗೆ ಇಳಿದವರಿಗೆ ಮೊದಲು ಏನೂ ಕಾಣುವುದಿಲ್ಲ, ಹೀಗಾಗಿ ಮೆಟ್ಟಿಲ ಬಳಿ ಎರಡು ನಿಮಿಷ ನಿಂತು ಕಣ್ಣು ಹೊಂದಿಕೊಳ್ಳಲು ಬಿಡಿ. ಗೋಡೆಯಿಂದ ಹೊರಚಾಚಿದ, ತೂತುಗಳಿರುವ ಕಲ್ಲುಚಪ್ಪಡಿಗಳನ್ನು ಮೊದಲು ಹುಡುಕಿ. ಕೈದಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದುದು ಅವಕ್ಕೆ. ನೆಲದ ಮೇಲಿರುವ ಫಿರಂಗಿ 1799ರ ಬ್ರಿಟಿಷರ ಮುತ್ತಿಗೆಯಲ್ಲಿ ಚಾವಣಿ ಒಡೆದು ಒಳಗೆ ಬಿದ್ದದ್ದು ಎನ್ನುತ್ತಾರೆ. ಅಲ್ಲಿಂದ ನೀರುಬಾಗಿಲು, ಟಿಪ್ಪು 1799ರ ಮೇ 4ರಂದು ಮಡಿದ ಜಾಗದ ಕಲ್ಲು, ಇವನ್ನು ನಡೆದುಕೊಂಡೇ ನೋಡಬಹುದು. ಈ ಭಾಗವನ್ನು ವಾಹನದಲ್ಲಿ ಸುತ್ತಿದವರಿಗೆ ಎರಡು ಗೋಡೆಗಳ ನಡುವಿನ ಕಂದಕದ ಆಳವಾಗಲಿ, ಮುತ್ತಿಗೆಯವರಿಗೆ ನದಿ ಎಷ್ಟು ಹತ್ತಿರವಿತ್ತು ಎಂಬುದಾಗಲಿ ತಿಳಿಯುವುದಿಲ್ಲ.

ರೈಲ್ವೆ ಹಳಿಯ ಬಳಿ ಹಾಯುವಾಗ ಟಿಪ್ಪುವಿನ ಮದ್ದಿನ ಮನೆಯನ್ನೂ ನೋಡಿ. ಜೋಡಿ ಹಳಿ ಹಾಕುವುದಕ್ಕಾಗಿ 2017ರಲ್ಲಿ ಈ ಕಟ್ಟಡವನ್ನು ಒಡೆಯದೆ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಸರಿಸಿದರು. ಹಳೆಯ ನಕ್ಷೆ ಹಿಡಿದು ಹೋದವರು ಅದು ಇದ್ದ ಜಾಗದಲ್ಲಿ ಹುಡುಕಿ ಸುಸ್ತಾಗುತ್ತಾರೆ.

ಕೊನೆಗೆ ಜಾಮಿಯಾ ಮಸೀದಿ. ಅದು ಕೋಟೆಯ ಪೂರ್ವದ ಬೆಂಗಳೂರು ಬಾಗಿಲಿನ ಪಕ್ಕದಲ್ಲೇ ಇದೆ, ಹಾಗಾಗಿ ಕೋಟೆಯಿಂದ ಹೊರಹೋಗುವ ದಾರಿಯಲ್ಲೇ ಸಿಗುತ್ತದೆ. ಹತ್ತೂವರೆಯಿಂದ ಹನ್ನೊಂದೂವರೆಯ ನಡುವೆ ನಮಾಜು ಇರುವುದಿಲ್ಲ. ಅಲ್ಲಿರುವ ಹಿರಿಯರನ್ನು ಕೇಳಿ ಒಳಗೆ ಹೋಗಿ. ಮಿನಾರು ಹತ್ತಲು ಬಿಡಿ ಎಂದು ಒತ್ತಾಯಿಸಬೇಡಿ.

## ಹಂತ 5: ಹಿಂದಿರುಗಬೇಕಾದ ಸೂಚನೆಗಳು

ಬಯಲಿನ ಭಾಗ ನೋಡುವ ಮೊದಲೇ ಓದಬೇಕಾದದ್ದು ಇದು. ಹೊರಡುವ ಮುನ್ನ ಮನೆಯವರಿಗೂ ಓದಿ ಹೇಳಿ.

ಗೋಡೆಯ ಬುಡದಲ್ಲಿ ಹೊಸದಾಗಿ ಉದುರಿದ ಗಾರೆಯ ಪುಡಿ, ಕಮಾನಿನ ನೆತ್ತಿಯಲ್ಲಿ ಬಾಯಿಬಿಟ್ಟ ಬಿರುಕು, ಬಿರುಕಿನೊಳಗೆ ಇಳಿದ ಅರಳಿ ಅಥವಾ ಆಲದ ಬೇರು, ಹೊಟ್ಟೆ ಉಬ್ಬಿದಂತೆ ಮುಂದೆ ಬಾಗಿದ ಇಟ್ಟಿಗೆ ಗೋಡೆ, ಇವುಗಳಲ್ಲಿ ಯಾವುದು ಕಂಡರೂ ಅದರ ಕೆಳಗೆ ನಿಂತು ಚಿತ್ರ ತೆಗೆಯಬೇಡಿ. ಮಳೆಗಾಲದಲ್ಲಿ ಗಾರೆ ನೀರು ಕುಡಿದು ಭಾರವಾಗುತ್ತದೆ, ಅಂಟು ಸಡಿಲವಾಗುತ್ತದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದದ್ದು 2012ರ ಆಗಸ್ಟಿನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿದ್ದದ್ದು 2016ರ ಆಗಸ್ಟಿನಲ್ಲಿ. ತಿಂಗಳನ್ನು ಗಮನಿಸಿ.

ಕಮಾನುಗಳ ಅಡಿಯಲ್ಲಿ, ಎತ್ತರದ ಸಜ್ಜದಲ್ಲಿ ಹೆಜ್ಜೇನು ಕಟ್ಟಿರುವುದು ಈ ಭಾಗದಲ್ಲಿ ಸಾಮಾನ್ಯ. ಗೂಡಿನ ಮೇಲ್ಮೈ ಅಲೆಯಂತೆ ಮಿನುಗುತ್ತಿದ್ದರೆ ಹುಳುಗಳು ಕೆರಳಿವೆ ಎಂದು ತಿಳಿದು ಸದ್ದಿಲ್ಲದೆ ದೂರ ಸರಿಯಿರಿ. ಘಮಘಮಿಸುವ ಸೆಂಟು ಹಚ್ಚಿಕೊಂಡು ಹೋಗಬೇಡಿ. ಕಂದಕದ ಹುಲ್ಲಿನಲ್ಲಿ ಹಾವು ಇರುತ್ತದೆ. ಕಾಲುದಾರಿ ಬಿಟ್ಟು ಇಳಿಯಬಾರದು. ಬಾವಲಿಗಳ ಗಬ್ಬು ಉಸಿರು ಕಟ್ಟಿಸುವಷ್ಟಿದ್ದರೆ ಆ ಕೋಣೆಗೆ ಹೋಗಬೇಡಿ.

ಇನ್ನು ನದಿ. ಕೆ.ಆರ್.ಎಸ್. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಜುಲೈ, ಆಗಸ್ಟ್ ತಿಂಗಳಲ್ಲಿ ನೀರು ಅದರ ಹತ್ತಿರಕ್ಕೆ ಬಂದಾಗ ಹೊರಹರಿವು ಹೆಚ್ಚಿಸುತ್ತಾರೆ, ಶ್ರೀರಂಗಪಟ್ಟಣದ ದಡದಲ್ಲಿ ನೀರು ಏರುತ್ತದೆ. ಪತ್ರಿಕೆಯಲ್ಲಿ ಹೊರಹರಿವಿನ ಸುದ್ದಿ ಕಂಡರೆ, ಅಥವಾ ವೆಲ್ಲೆಸ್ಲಿ ಸೇತುವೆಯ ಮೇಲೆ ಸಂಚಾರ ತಡೆದಿದ್ದರೆ, ನೀರುಬಾಗಿಲಿನ ಮೆಟ್ಟಿಲಿಗೂ ಸಂಗಮಕ್ಕೂ ಆ ದಿನ ಹೋಗಬೇಡಿ. ಉಳಿದ ದಿನಗಳಲ್ಲೂ ಹೊಳೆಗೆ ಇಳಿಯಬಾರದು. ಮೇಲೆ ಶಾಂತವಾಗಿ ಕಾಣುವ ಕಡೆಯೇ ಸುಳಿ ಇರುತ್ತದೆ.

## ಹಂತ 6: ನಡುಹಗಲಿನಿಂದ ಸಂಜೆಯವರೆಗೆ, ಕೋಟೆಯ ಪೂರ್ವಕ್ಕೆ

ಇಲ್ಲಿಂದ ಮುಂದೆ ಆಟೋ ಬೇಕಾಗುತ್ತದೆ. ಬಾಡಿಗೆ ಮಾತಾಡುವಾಗ "ಎಲ್ಲಾ ತೋರಿಸಿಬಿಡಿ ಅಣ್ಣಾ" ಎನ್ನಬೇಡಿ. ಎಲ್ಲಾ ಎಂದರೆ ಅವರ ಲೆಕ್ಕದಲ್ಲಿ ದರಿಯಾ ದೌಲತ್, ಗುಂಬಜ್, ನಿಮಿಷಾಂಬ ಗುಡಿ, ಸಂಗಮ. ಚರ್ಚೂ ಸಮಾಧಿಗಳೂ ಅದರಲ್ಲಿ ಸೇರಿರುವುದಿಲ್ಲ. ದರಿಯಾ ದೌಲತ್, ಅಬ್ಬೆ ದುಬೋಯಿಸ್ ಚರ್ಚ್, ಗುಂಬಜ್, ಗ್ಯಾರಿಸನ್ ಸ್ಮಶಾನ ಎಂದು ನಾಲ್ಕೂ ಹೆಸರು ಹೇಳಿ, ಒಂದೊಂದು ಕಡೆ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ ಎಂದು ಮೊದಲೇ ಒಪ್ಪಿಸಿಕೊಳ್ಳಿ.

1784ರ ದರಿಯಾ ದೌಲತ್ ತೇಗದ ಮರದ ಬೇಸಿಗೆ ಅರಮನೆ. ಹೆಚ್ಚಿನವರು ನೇರವಾಗಿ ಒಳಗಿನ ವಸ್ತುಸಂಗ್ರಹಕ್ಕೆ ನುಗ್ಗುತ್ತಾರೆ, ಆದರೆ ಇಲ್ಲಿ ನೋಡಲೇಬೇಕಾದದ್ದು ಹೊರಗೋಡೆಯ ಚಿತ್ರಗಳು. ಪಶ್ಚಿಮದ ಗೋಡೆಯಲ್ಲಿ, ಹೈದರಾಲಿ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಒಂದು ತುದಿಯಿಂದ ಆರಂಭಿಸಿ ಸಾಲುಸಾಲಾಗಿ ಓದುತ್ತ ಹೋಗಿ: ಮೊದಲು ಕುದುರೆಗಳು ಯಾವ ದಿಕ್ಕಿಗೆ ಮುಖಮಾಡಿವೆ ಎಂದು ನೋಡಿದರೆ ಎರಡು ಪಡೆಗಳು ಬೇರ್ಪಡುತ್ತವೆ, ಆಮೇಲೆ ನಡುವಿನ ಚೌಕಾಕಾರದ ವ್ಯೂಹವನ್ನೂ ಅದರೊಳಗೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿಯನ್ನೂ ಗುರುತಿಸಬಹುದು. ಇದಕ್ಕೆ ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಗೋಡೆಗೆ ಬೆರಳು ತಾಗಿಸಿ ತೋರಿಸಬೇಡಿ, ಮಕ್ಕಳಿಗೂ ಹೇಳಿ. ಕೈಯ ಬೆವರು ಬಣ್ಣವನ್ನು ಎಬ್ಬಿಸುತ್ತದೆ. ಫ್ಲಾಶ್ ಬಳಸಬಾರದು. ಇಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಅಬ್ಬೆ ದುಬೋಯಿಸ್ ಚರ್ಚ್ ಗುಂಬಜಿನ ದಾರಿಯಲ್ಲಿ ಗಂಜಾಂನಲ್ಲಿದೆ. 1799ರ ನಂತರ ಇಲ್ಲಿನ ಕ್ರೈಸ್ತರ ನಡುವೆ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿಸ್ ಕಟ್ಟಿಸಿದ ಸರಳ ಕಟ್ಟಡ ಇದು. ಊರಿನವರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು, ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲೂ ಅವರ ಹೆಸರಿದೆ. ಸಂತ ಫಿಲೋಮಿನಾ ಚರ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇದರ ಮುಂದೆ ನಿಂತು ಇಷ್ಟೇಯೇ ಎಂದು ಹಿಂದಿರುಗುತ್ತಾರೆ. ಹಾಗೆ ಮಾಡಬಾರದು. ಗೋಡೆಯ ದಪ್ಪ, ಕಿಟಕಿಯ ಅಳತೆ, ಮಾಡಿನ ಇಳಿಜಾರು ನೋಡಿ. ಈ ಊರಿನ ಗಾರೆಯವರ ಕೈಗೆ ಬರುತ್ತಿದ್ದ ಕೆಲಸದಲ್ಲೇ ಒಂದು ಪ್ರಾರ್ಥನೆಯ ಮನೆ ಆದದ್ದು ಹೇಗೆಂದು ತಿಳಿಯುತ್ತದೆ. ನಾನು ಮೊದಲ ಸಲ ಹೋದಾಗ ಬೀಗ ಹಾಕಿತ್ತು. ಎದುರುಮನೆಯ ಅಜ್ಜಿಯೊಬ್ಬರು "ಕುಂತ್ಕಳಪ್ಪ, ಬೀಗದ ಕೈ ಹಿಡ್ಕಂಡು ಹುಡ್ಗ ಬತ್ತಾನೆ" ಎಂದು ಜಗಲಿಯ ಮೇಲೆ ಕೂರಿಸಿದರು. ಬೀಗ ಕಂಡ ಕೂಡಲೇ ಹೊರಟುಬಿಡದೆ ಅಕ್ಕಪಕ್ಕದಲ್ಲಿ ವಿಚಾರಿಸಿ.

ಗುಂಬಜಿನಲ್ಲಿ ಹೈದರಾಲಿ, ಟಿಪ್ಪುವಿನ ತಾಯಿ ಫಕ್ರುನ್ನಿಸಾ, ಟಿಪ್ಪು ಮೂವರ ಸಮಾಧಿಗಳಿವೆ. ಹೊರಸುತ್ತಿನ 36 ಕರಿಕಲ್ಲಿನ ಕಂಬಗಳನ್ನು ಒಂದು ಸುತ್ತು ಬಂದು ನೋಡಿ, ಬಾಗಿಲಿನ ದಂತದ ಕೆತ್ತನೆಯನ್ನು ಹತ್ತಿರದಿಂದ ಗಮನಿಸಿ, ಆಮೇಲೆ ಒಳಗೆ ಹೋಗಿ. ಒಳಗೋಡೆಯಲ್ಲಿ ಹುಲಿಪಟ್ಟೆಯ ಬಣ್ಣವಿದೆ. ಪ್ರಾರ್ಥಿಸುವವರು ಇದ್ದರೆ ಚಿತ್ರ ತೆಗೆಯಬೇಡಿ.

ನಾಲ್ಕೂವರೆಯ ಹೊತ್ತಿಗೆ ಗ್ಯಾರಿಸನ್ ಸ್ಮಶಾನದಲ್ಲಿರಬೇಕು. ಹಳೆಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಳೆಯ ದಡದಲ್ಲಿರುವುದರಿಂದ ಮೈಸೂರಿಗೆ ಮರಳುವ ದಾರಿಗೆ ಇದು ಹತ್ತಿರ. 1799ರ ನಂತರ ಇಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ದಂಡಿನವರೂ ಅವರ ಮನೆಯವರೂ ಇಲ್ಲಿ ಮಲಗಿದ್ದಾರೆ. ಸ್ವಿಟ್ಜರ್ಲೆಂಡ್ ಮೂಲದ ದ ಮ್ಯೂರಾನ್ ರೆಜಿಮೆಂಟಿನ ಹೆಸರು ಹಲವು ಕಲ್ಲುಗಳಲ್ಲಿದೆ. ಇಳಿಬಿಸಿಲು ಓರೆಯಾಗಿ ಬೀಳುವಾಗ ಫಲಕಗಳನ್ನು ಟಾರ್ಚಿಲ್ಲದೆಯೇ ಓದಬಹುದು, ಅದಕ್ಕೆಂದೇ ಇದನ್ನು ಕೊನೆಗೆ ಇಟ್ಟದ್ದು. ಸತ್ತವರ ವಯಸ್ಸನ್ನು ಓದುತ್ತ ಹೋಗಿ. ಕೂಸುಗಳ ಕಲ್ಲುಗಳ ಮುಂದೆ ಮಾತು ತಾನಾಗಿ ನಿಲ್ಲುತ್ತದೆ.

## ಹಂತ 7: ಸಂತ ಫಿಲೋಮಿನಾ ಚರ್ಚಿನ ಒಳಗೆ

ಎರಡನೆಯ ದಿನ ಬೆಳಿಗ್ಗೆ ಅಶೋಕ ರಸ್ತೆಯ ಚರ್ಚಿನಿಂದ ಆರಂಭಿಸಿ. ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆಯ) ವೇಳೆಯನ್ನು ಹಿಂದಿನ ದಿನವೇ ಕೇಳಿಕೊಂಡು, ಅದು ಮುಗಿದ ಅರ್ಧ ಗಂಟೆಗೆ ತಲುಪಿ. ಆಗಸ್ಟ್ 11ರ ಸಂತ ಫಿಲೋಮಿನಾ ಹಬ್ಬ, ಶುಭ ಶುಕ್ರವಾರ, ಕ್ರಿಸ್ಮಸ್ ದಿನಗಳು ಭಕ್ತರವು.

ಹೊರಗಿನಿಂದ ಶುರುಮಾಡಿ. ಜೋಡಿ ಗೋಪುರಗಳ ಎತ್ತರ 175 ಅಡಿ. ರಸ್ತೆಯ ಆಚೆ ಬದಿಗೆ ಹೋಗದೆ ಪೂರ್ತಿ ಕಾಣುವುದಿಲ್ಲ. ಜರ್ಮನಿಯ ಕಲೋನ್ ಪ್ರಧಾನಾಲಯದ ಮಾದರಿಯಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿದ್ದರಿಂದ ಇಲ್ಲಿ ಎಲ್ಲವೂ ಕಣ್ಣನ್ನು ಮೇಲಕ್ಕೆ ಎಳೆಯುತ್ತದೆ: ಚೂಪು ಕಮಾನುಗಳು, ಗೊಂಚಲು ಕಂಬಗಳು, ತುದಿಯ ಶಿಲುಬೆಗಳು. ಬೈನಾಕ್ಯುಲರ್ ಹಿಡಿದು ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ನೋಡಿ.

ಒಳಗೆ ಹೋದಮೇಲೆ ಬಲಿಪೀಠದ ಕಡೆಗೆ ಆತುರದಿಂದ ನಡೆಯಬೇಡಿ. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಐದು ನಿಮಿಷ ಕುಳಿತುಕೊಳ್ಳಿ. ಕಟ್ಟಡದ ನೆಲಗಟ್ಟು ಶಿಲುಬೆಯ ಆಕಾರದಲ್ಲಿದೆ. ಜನ ಕೂರುವ ಉದ್ದನೆಯ ಅಂಗಣ ಶಿಲುಬೆಯ ಕಾಂಡ, ಎರಡು ಪಕ್ಕಕ್ಕೆ ಚಾಚಿದವು ತೋಳು, ಬಲಿಪೀಠ ಇರುವುದು ತಲೆ. ನಮ್ಮ ಗುಡಿಗಳಲ್ಲಿ ನವರಂಗವೆಂಬ ಮಂಟಪದಿಂದ ಗರ್ಭಗುಡಿಯ ಮುಂದಿನ ಸುಕನಾಸಿಗೆ, ಅಲ್ಲಿಂದ ಗರ್ಭಗುಡಿಗೆ ಹೋದಂತೆ ಜಾಗ ಕಿರಿದಾಗಿ ಕತ್ತಲಾಗುತ್ತದೆ. ಇಲ್ಲಿ ಮುಂದೆ ಹೋದಂತೆ ಎತ್ತರವೂ ಬೆಳಕೂ ಉಳಿದೇ ಇರುತ್ತವೆ. ಎರಡು ಬಗೆಯ ಕಟ್ಟಡಗಳನ್ನೂ ಒಂದೇ ಪ್ರವಾಸದಲ್ಲಿ ನೋಡುವವರಿಗೆ ಮಾತ್ರ ದಕ್ಕುವ ಹೋಲಿಕೆ ಇದು.

ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆಗೇರಿಸಿದ್ದು, ಪುನರುತ್ಥಾನ, ಸ್ವರ್ಗಾರೋಹಣದ ಚಿತ್ರಗಳಿವೆ. ಹೊರಗಿನ ಬಿಸಿಲು ಯಾವ ಗೋಡೆಗೆ ಬೀಳುತ್ತಿದೆಯೋ ಆ ಗೋಡೆಯ ಗಾಜು ಮಾತ್ರ ಒಳಗಿನಿಂದ ಉರಿಯುವಂತೆ ಕಾಣುತ್ತದೆ, ಎದುರಿನ ಗೋಡೆಯದು ಮಂಕಾಗಿರುತ್ತದೆ. ಎರಡೂ ಬೇಕೆಂದರೆ ಸಂಜೆ ನಾಲ್ಕೂವರೆಗೆ ಇನ್ನೊಮ್ಮೆ ಬರಬೇಕು. ಹಾಗೆ ಬಂದವರು ಯಾರೂ ವ್ಯರ್ಥವಾಯಿತೆಂದು ಹೇಳಿದ್ದನ್ನು ನಾನು ಕೇಳಿಲ್ಲ.

ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾಳ ಪ್ರತಿಮೆಯಿದೆ. ದಾರಿ ಕಿರಿದು, ಎದುರು ಬರುವವರಿಗೆ ಜಾಗ ಬಿಟ್ಟು, ನಿಲ್ಲದೆ ಸಾಗಿ. ಫೋಟೋ ಬಗ್ಗೆ ಬಾಗಿಲಲ್ಲಿರುವ ಫಲಕದ ಮಾತೇ ಕೊನೆ. ಏನಾದರೂ ಕೇಳಬೇಕಿದ್ದರೆ ಗುರುಗಳು ಬಿಡುವಾಗಿರುವಾಗ "ಫಾದರ್, ಎರಡು ನಿಮಿಷ ಮಾತಾಡಬಹುದೇ" ಎಂದು ವಿನಂತಿಸಿಕೊಳ್ಳಿ.

## ಹಂತ 8: ಅರಮನೆಯ ಕೋಟೆಯಲ್ಲಿ ಗುಡಿ ಮೊದಲು

ಅರಮನೆ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಆವರಣದ ಗುಡಿಗಳು ಮಧ್ಯಾಹ್ನಕ್ಕೆ ಮುಚ್ಚುತ್ತವೆ. ಆದ್ದರಿಂದ ಮೊದಲು ತ್ರಿನೇಶ್ವರ, ಲಕ್ಷ್ಮೀರಮಣ, ಶ್ವೇತವರಾಹಸ್ವಾಮಿ ಗುಡಿಗಳು, ಆಮೇಲೆ ಅರಮನೆ. ಶ್ವೇತವರಾಹ ಗುಡಿಯಲ್ಲಿ ಕಂಬ ಮತ್ತು ಬಾಗಿಲುವಾಡ ನೋಡಿ: ಹಾಳಾಗಿದ್ದ ಹೊಯ್ಸಳ ಗುಡಿಯೊಂದರ ಕಲ್ಲುಗಳನ್ನು ದಿವಾನ್ ಪೂರ್ಣಯ್ಯನವರು ತರಿಸಿ ಇಲ್ಲಿ ಬಳಸಿದರು. ಕಟ್ಟಡಕ್ಕಿಂತ ಅದರ ಕಲ್ಲು ಹಳೆಯದಾಗಿರಬಹುದು ಎಂಬುದಕ್ಕೆ ಇಲ್ಲಿ ಕಣ್ಣೆದುರೇ ಸಾಕ್ಷಿಯಿದೆ.

ಭಾನುವಾರ ಮತ್ತು ಸರ್ಕಾರಿ ರಜೆಗಳ ಸಂಜೆ ಏಳಕ್ಕೆ ಅರಮನೆಯ ದೀಪ ಹಾಕುತ್ತಾರೆ. ಆ ಬೆಳಕು ಸೊಗಸು, ಆದರೆ ಕೆತ್ತನೆ ನೋಡುವ ಬೆಳಕಲ್ಲ. ಸಮಯ ಉಳಿದರೆ ಜಗನ್ಮೋಹನ ಅರಮನೆಗೆ ನಡೆದು ಹೋಗಬಹುದು. ಮೂರನೆಯ ದಿನವಿದ್ದರೆ ಸೋಮನಾಥಪುರ. ಕೇಶವ ದೇವಾಲಯದಲ್ಲಿ ಪೂಜೆ ಇಲ್ಲದ ಕಾರಣ ನಡುಹಗಲಿನ ಬಾಗಿಲಿನ ತೊಂದರೆಯಿಲ್ಲ.

## ಹಂತ 9: ಕಲ್ಲಿನ ಮೇಲಿನ ತೇದಿಯನ್ನು ಓದುವುದು

ಓದುಗರು ಅತಿ ಹೆಚ್ಚು ಎಡವುವುದು ಇಲ್ಲಿ. ಕಲ್ಲಿನ ಮೇಲೆ ಒಂದು ವರ್ಷ ಕಂಡ ಕೂಡಲೇ ಅದನ್ನೇ ಕಟ್ಟಡದ ವಯಸ್ಸೆಂದು ಬರೆದುಕೊಳ್ಳುತ್ತಾರೆ. ಸಂತ ಫಿಲೋಮಿನಾ ಚರ್ಚಿನಲ್ಲಿ 1843 ಎಂಬ ವರ್ಷವೂ ಸಿಗುತ್ತದೆ, 1933 ಎಂಬುದೂ ಸಿಗುತ್ತದೆ. ಮೊದಲನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದೇ ಜಾಗದಲ್ಲಿದ್ದ ಹಿಂದಿನ ಚರ್ಚಿನದು, ಎರಡನೆಯದು ಅಕ್ಟೋಬರ್ 28ರಂದು ನಾಲ್ವಡಿಯವರು ಈಗಿನ ಕಟ್ಟಡಕ್ಕೆ ಅಡಿಗಲ್ಲು ಇಟ್ಟದ್ದು. ಪ್ರತಿ ತೇದಿಯ ಮುಂದೆ ಅದು ಅಡಿಗಲ್ಲಿನದೋ, ದಾನದ್ದೋ, ದುರಸ್ತಿಯದೋ, ಮರಣದ್ದೋ ಎಂದು ಕಡ್ಡಾಯವಾಗಿ ಬರೆಯಿರಿ.

ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಬರುತ್ತದೆ; ಶಕ 816 ಎಂದರೆ 894. ತಿಥಿ ಪುಷ್ಯ, ಮಾಘ, ಫಾಲ್ಗುಣದಲ್ಲಿದ್ದರೆ 79 ಸೇರಿಸಬೇಕಾಗಬಹುದು. ಹಿಜರಿ ವರ್ಷಕ್ಕೆ ಹೀಗೆ ಒಂದೇ ಸಂಖ್ಯೆ ಕೂಡಿಸಿ ಕಳೆದರೆ ತಪ್ಪಾಗುತ್ತದೆ, ಏಕೆಂದರೆ ಅದು ಸುಮಾರು 354 ದಿನಗಳ ಚಾಂದ್ರ ವರ್ಷ. ಹಿಜರಿಯನ್ನು 0.97ರಿಂದ ಗುಣಿಸಿ 622 ಸೇರಿಸಿ: 1213 ಎಂಬುದು 1798.6 ಆಗುತ್ತದೆ, ಅಂದರೆ 1798ರ ಜೂನಿನಿಂದ 1799ರ ಜೂನಿನವರೆಗಿನ ವರ್ಷ. ಟಿಪ್ಪುವಿನ ಕೊನೆಯ ಹನ್ನೆರಡು ಹದಿಮೂರು ವರ್ಷಗಳ ನಾಣ್ಯಗಳಲ್ಲಿ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕವಿದೆ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹಿಜರಿಯೆಂದು ತಿಳಿದು ಲೆಕ್ಕ ಹಾಕಿದರೆ ಹನ್ನೆರಡು ಹದಿಮೂರು ವರ್ಷ ಮುಂದಕ್ಕೆ ಹೋಗಿಬಿಡುತ್ತೀರಿ.

ಕನ್ನಡ ಶಾಸನಗಳನ್ನು ಸ್ಥಳದಲ್ಲೇ ಪೂರ್ತಿ ಓದಲು ಹೆಣಗಬೇಡಿ. ಕರ್ನಾಟಕದ ಶಾಸನಗಳ ಸಂಕಲನವಾದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲೂಕಿನ ಶಾಸನಪಾಠಗಳಿವೆ. ಬೇಕಾದ ಪಾಠವನ್ನು ಬರೆದುಕೊಂಡು ಹೋಗಿ, ಕಲ್ಲಿನ ಮುಂದೆ ನಿಂತು ಸಾಲು ಸಾಲಾಗಿ ಹೊಂದಿಸಿ ನೋಡಿ.

## ಹಂತ 10: ಅದೇ ರಾತ್ರಿ ಮಾಡಬೇಕಾದ ಕೆಲಸ

ತೆಗೆದ ಚಿತ್ರಗಳನ್ನು ಜಾಗದ ಹೆಸರು, ದಿಕ್ಕು, ಹೊತ್ತು ಸೇರಿಸಿ ಅದೇ ರಾತ್ರಿ ವಿಂಗಡಿಸಿಡಿ. ಎರಡು ದಿನ ಕಳೆದರೆ ಒಂದು ಗುಡಿಯ ಕಂಬ ಇನ್ನೊಂದರದಾಗುತ್ತದೆ. ದಾರಿಯಲ್ಲಿ ಯಾರೋ ಹೇಳಿದ ಕಥೆಯನ್ನು ಪುಸ್ತಕದ ಎಡಪುಟದಲ್ಲೂ, ಕಣ್ಣಾರೆ ಓದಿದ್ದನ್ನು ಬಲಪುಟದಲ್ಲೂ ಬರೆಯುವ ರೂಢಿ ಇಟ್ಟುಕೊಳ್ಳಿ.

ಹೊಸದಾಗಿ ಗೀಚಿದ ಹೆಸರು, ಕಿತ್ತ ಕಲ್ಲು, ಅಗೆದ ನೆಲ ಕಂಡಿದ್ದರೆ ಹತ್ತಿರದಿಂದ ಒಂದು, ಸುತ್ತಲಿನ ಗುರುತು ಕಾಣುವಂತೆ ದೂರದಿಂದ ಒಂದು, ಹೀಗೆ ಎರಡು ಚಿತ್ರಗಳನ್ನು ತೇದಿಯೊಡನೆ ಸಂಬಂಧಪಟ್ಟ ಇಲಾಖೆಗೆ ಕಳಿಸಿ. ನೀಲಿ ಫಲಕದ ಮೇಲೆ ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಹೆಸರಿದೆಯೋ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಹೆಸರಿದೆಯೋ ಎಂದು ಸ್ಥಳದಲ್ಲೇ ನೋಡಿಕೊಂಡಿದ್ದರೆ ಪತ್ರ ತಪ್ಪು ಕಚೇರಿಗೆ ಹೋಗುವುದಿಲ್ಲ. ಚರ್ಚಿನ ಮಾತಾದರೆ ಅಲ್ಲಿಯ ಗುರುಗಳಿಗೇ ನೇರವಾಗಿ ತಿಳಿಸಿ.